ಹೆದೆಯ ಮೇಣ ಮತ್ತು ಹುಡುಗನ ಮೊಣಕೈ

ಬದಿಯಡ್ಕದ ಹತ್ತಿರ ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸುವ ಒಂದು ಕಡೆ ನಾನು ಸಾಮಾನು ನೋಡಿಕೊಳ್ಳುವವ. ಕೋಚ್ ಅಲ್ಲ. ಬಾಣಕ್ಕೆ ಗರಿ ಅಂಟಿಸುವುದು, ಟಾರ್ಗೆಟ್ ಬಿಗಿಯುವುದು, ಹೆದೆ ಕಟ್ಟುವುದು, ಇಷ್ಟೇ. ಹೆದೆಗೆ ಮೇಣ ಹಚ್ಚುವುದು ಅದರಲ್ಲಿ ವಾರಕ್ಕೆ ಅರ್ಧ ಗಂಟೆಯ ಕೆಲಸ. ಆದರೆ ಇಷ್ಟು ವರ್ಷದಲ್ಲಿ ಬೈಸಿಕೊಂಡದ್ದರಲ್ಲಿ ದೊಡ್ಡ ಪಾಲು ಅದರದ್ದೇ.

ನಮ್ಮ ಕಡೆ ಮೇಣ ಅಂದರೆ ಮೊದಲು ನೆನಪಾಗುವುದು ಹಲಸಿನದ್ದು. ಅದು ಕೈಗೆ ಅಂಟಿದರೆ ತೆಂಗಿನೆಣ್ಣೆ. ಆ ಲೆಕ್ಕದಲ್ಲಿ ಒಬ್ಬ ಹುಡುಗ ಒಂದು ದಿನ ಹೆದೆಗೇ ತೆಂಗಿನೆಣ್ಣೆ ಸವರಿಟ್ಟಿದ್ದ. "ಭಯಂಕರ ಅಂಟ್ತಾ ಇತ್ತು ಅಣ್ಣ" ಅಂದ. ಇದ್ದ ಮೇಣ ಕರಗಿ ಎಳೆಗಳು ಬಿಟ್ಟುಕೊಂಡಿದ್ದವು. ನಡುವಿನ ಸರ್ವಿಂಗ್, ಅಂದರೆ ಬಾಣ ಕೂರುವಲ್ಲಿ ಸುತ್ತಿದ ನೂಲು, ಬಳೆಯ ಹಾಗೆ ಮೇಲೆ ಕೆಳಗೆ ಜಾರುತ್ತಿತ್ತು. ಆ ಹೆದೆಯನ್ನು ಬಿಸಾಡಿದೆ. ಮೇಣದಬತ್ತಿಯ ಪ್ರಯೋಗ ನಾನೇ ಮಾಡಿದ್ದು. ಪ್ಯಾರಾಫಿನ್ ಗಟ್ಟಿ, ಬಾಗಿದಲ್ಲೆಲ್ಲ ಒಡೆಯುತ್ತದೆ. ನಾಲ್ಕು ಬಾಣ ಬಿಡುವಷ್ಟರಲ್ಲಿ ಹುಡುಗಿಯ ಅಂಗಿಯ ಮೇಲೆಲ್ಲ ಬಿಳಿ ಪುಡಿ.

ಹೆದೆ ಎಂದರೆ ಒಂದೇ ದಾರವಲ್ಲ. ಎಳೆಯಲು 30 ಪೌಂಡ್ ಬಲ ಬೇಕಾದ ಬಿಲ್ಲಿಗೆ ಡಾಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನ 10 ಎಳೆ, 40 ಪೌಂಡಿಗೆ 12 ಎಳೆ ಹಾಕುತ್ತೇನೆ. ಬಾಣ ಬಿಟ್ಟಾಗಲೆಲ್ಲ ಈ ಎಳೆಗಳು ಒಳಗೊಳಗೇ ಉಜ್ಜಿಕೊಳ್ಳುತ್ತವೆ. ಆ ಸವೆತ ತಗ್ಗಿಸುವುದು, ಎಳೆಗಳನ್ನು ಒಟ್ಟಿಗೆ ಹಿಡಿದಿಡುವುದು, ಸಂದಿಯಲ್ಲಿ ನೀರು ನಿಲ್ಲದ ಹಾಗೆ ನೋಡುವುದು ಮೇಣದ ಕೆಲಸ. ನಮ್ಮ ಮಳೆಗಾಲದಲ್ಲಿ ಕೊನೆಯದ್ದೇ ಮುಖ್ಯ. ಡಾಕ್ರಾನ್ ಆಗಲಿ, ಡೈನೀಮಾ ಎಂಬ ಪ್ಲಾಸ್ಟಿಕ್ ನಾರಿನ ಫಾಸ್ಟ್ ಫ್ಲೈಟ್ ನೂಲಾಗಲಿ ಹತ್ತಿಯ ಹಾಗೆ ನೀರು ಕುಡಿಯುವುದಿಲ್ಲ. ಆದರೆ ಎಳೆಗಳ ನಡುವೆ ನೀರು ಸೇರಿದರೆ ಹೆದೆ ಭಾರವಾಗುತ್ತದೆ, ಬಾಣ ನಿಧಾನವಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಮೇಣಕ್ಕೂ ಭಾರ ಉಂಟು ಎಂಬುದು ನನ್ನ ತಲೆಗೆ ಹೋಗಿರಲಿಲ್ಲ.

ಮೂರು ವರ್ಷದ ಹಿಂದೆ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಇದ್ದ ಅಷ್ಟೂ ಹೆದೆಗಳಿಗೆ ದಪ್ಪಕ್ಕೆ ಮೇಣ ಮೆತ್ತಿದೆ. ಸರ್ವಿಂಗನ್ನೂ ಬಿಡಲಿಲ್ಲ. ಜೂನಿನಲ್ಲಿ ಒಬ್ಬ ಹುಡುಗನ ಬಾಣಗಳು 30 ಮೀಟರಿನಲ್ಲಿ ಒಂದು ಗೇಣು ಕೆಳಗೆ ಬೀಳತೊಡಗಿದವು. ಚೆದುರುತ್ತಿರಲಿಲ್ಲ, ಗುಂಪಾಗಿಯೇ ಕೆಳಗೆ. ಕೋಚ್ ನೋಡಿ "ಮೊಣಕೈ ಇಳೀತಾ ಉಂಟು" ಅಂದರು. ಎರಡು ವಾರ ಪಾಪದ ಹುಡುಗ ಬಾಣವಿಲ್ಲದೆ, ಕನ್ನಡಿಯ ಮುಂದೆ ನಿಂತು ಬಿಲ್ಲು ಎಳೆದ. ಬಾಣ ಬೀಳುವ ಜಾಗ ಮಾತ್ರ ಬದಲಾಗಲಿಲ್ಲ.

ಒಂದು ಸಂಜೆ ಅವನ ಬಿಲ್ಲಿನ ನಾಕಿಂಗ್ ಪಾಯಿಂಟ್, ಅಂದರೆ ಹೆದೆಯ ಮೇಲೆ ಬಾಣ ಸಿಕ್ಕಿಸುವ ಜಾಗದ ಗುರುತು, ಸರಿಮಾಡಲು ಕೂತಾಗ ಉಗುರು ಹೆದೆಯೊಳಗೆ ಇಳಿಯಿತು. ಹೊಲಿಗೆ ನೂಲು ತಗೊಂಡು ಹೆದೆಗೆ ಒಂದು ಸುತ್ತು ಹಾಕಿ, ಬಿಗಿಹಿಡಿದು ಮೇಲಿಂದ ಕೆಳಗೆ ಎಳೆದೆ. ಬೂದು ಬಣ್ಣದ ಮೇಣ ಎರೆಹುಳದ ಹಾಗೆ ಸುರುಳಿ ಸುತ್ತಿಕೊಂಡು ಬಂತು. ಎರಡನೆಯ ಸಲ ಎಳೆದರೂ ಬಂತು. ಹೆದೆ ಎಳೆಯುವ ಬೆರಳಿಗೆ ಹಾಕುವ ಅವನ ತೊಗಲಿನ ಟ್ಯಾಬ್ ನೋಡಿದರೆ ತೊಗಲು ಕಪ್ಪಾಗಿ ಜಿಗುಟು ಹಿಡಿದಿತ್ತು. ಸರ್ವಿಂಗಿನ ಮೇಣ ಅಲ್ಲಿಗೆ ದಾಟಿದ್ದರಿಂದ ಬಿಡುವಾಗ ಹೆದೆ ಬೆರಳಿಗೆ ಹಿಡಿದುಕೊಳ್ಳುತ್ತಿತ್ತು. ಮರುದಿನ ಸ್ವಚ್ಛ ಹೆದೆ, ಹೊಸ ಟ್ಯಾಬ್. ಬಾಣ ಮೇಲೆ ಬಂತು.

ಕೋಚ್ ಹತ್ತಿರ ಹೋಗಿ ತಪ್ಪು ನನ್ನದು ಅಂದೆ. ಅವರು ಕನ್ನಡ, ಮಲಯಾಳ ಎರಡನ್ನೂ ಬೆರೆಸಿ ಬೈದರು. ಪಕ್ಕದಲ್ಲಿದ್ದ ಹುಡುಗ ಮೆಲ್ಲ ಕೇಳಿದ, "ಹಾಗಾದ್ರೆ ನನ್ನ ಮೊಣಕೈ ಸರಿ ಇತ್ತಾ ಸರ್?" "ಮೊಣಕೈಯೂ ಸರಿ ಇರ್ಲಿಲ್ಲ" ಅಂದರು ಕೋಚ್.

ಯಾವ ಮೇಣ ಎಂದು ಕೇಳುವವರು ಜಾಸ್ತಿ. ಅಂಗಡಿಯ ಟ್ಯೂಬ್ ಮೇಣ ಫಾಸ್ಟ್ ಫ್ಲೈಟಿಗೆ ಒಳ್ಳೆಯದು, ಮೆತ್ತಗಿದ್ದು ಎಳೆಯೊಳಗೆ ಬೇಗ ಇಳಿಯುತ್ತದೆ. ಡಾಕ್ರಾನಿಗೆ ನಾನು ತುಡುವೆ ಜೇನಿನ ಮೇಣವನ್ನೇ ನೆಚ್ಚಿದವ. ನೆರೆಯ ಭಟ್ಟರಲ್ಲಿ ಮೊದಲ ಸಲ ಕೇಳಿದಾಗ "ಮೇಣ ಎಂತಕ್ಕೆ ನಿಂಗೆ? ಜೇನು ತಗೊಂಡ್ಹೋಗು" ಅಂದಿದ್ದರು. ಪೆಟ್ಟಿಗೆಯ ಎರಿಯನ್ನು ಜೇನು ತೆಗೆದ ಮೇಲೆ ಮತ್ತೆ ಹುಳಕ್ಕೇ ಕೊಡುತ್ತಾರೆ, ನಮಗೆ ಸಿಗುವುದು ಎರಿಯ ಕಣ್ಣುಗಳ ಮೇಣದ ಮುಚ್ಚಳ ಕೊಯ್ದದ್ದು ಮತ್ತು ಕಪ್ಪಾದ ಹಳೆ ಎರಿ ಮಾತ್ರ. ಅದನ್ನು ನೀರಿನಲ್ಲಿ ಕುದಿಸಿ, ಹಳೆ ಬೈರಾಸಿನಲ್ಲಿ ಸೋಸಿ, ತಣಿದ ಮೇಲೆ ತೇಲಿದ ಬಿಲ್ಲೆಯನ್ನು ಇನ್ನೊಂದು ಸಲ ತೊಳೆಯಬೇಕು. ಒಮ್ಮೆ ಉದಾಸೀನ ಮಾಡಿದೆ. ಬೆಳಿಗ್ಗೆ ಬಂದು ನೋಡಿದರೆ ಗೋಡೆಗೆ ತೂಗಿದ ಆರು ಬಿಲ್ಲಿನ ಹೆದೆಯ ಮೇಲೂ ಇರುವೆ ಸಾಲು.

ಬರೀ ಜೇನುಮೇಣ ಸ್ವಲ್ಪ ಗಡಸು. ಹಿಡಿದು ನಿಲ್ಲಲಿ ಎಂದು 100 ಗ್ರಾಮಿಗೆ 15 ಗ್ರಾಮ್ ರಾಳ ಹಾಕುತ್ತೇನೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಆದ್ದರಿಂದ ನೇರ ಬೆಂಕಿ ಬೇಡ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು. ರಾಳವನ್ನು ಪುಡಿಮಾಡಿ ಹಾಕಿ ಕದಡುತ್ತಾ ಇರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಏಪ್ರಿಲಿನಲ್ಲಿ ರಾಳ ಅರ್ಧಕ್ಕರ್ಧ ಕಡಿಮೆ. ನಮ್ಮ ಮೈದಾನ ಇರುವುದು ಮುರಕಲ್ಲಿನ ಪದವಿನ ಮೇಲೆ. ಬಿಸಿಲಿಗೆ ಹೆದೆ ಜಿಗುಟಾದರೆ ಆ ಕೆಂಪು ಧೂಳೆಲ್ಲ ಅಂಟಿ, ಎಳೆಗಳ ನಡುವೆ ಮರಳುಕಾಗದ ಇಟ್ಟಂತೆ.

ತಾಳಮದ್ದಳೆಯ ಅರ್ಥಧಾರಿಗಳ ಬಾಯಲ್ಲಿ ಹೆದೆಗೆ 'ಮೌರ್ವಿ' ಎಂದು ಕೇಳಿರಬಹುದು. ಮೂರ್ವಾ ಗಿಡದ ನಾರಿನದ್ದು ಎಂದು ಅರ್ಥ. ನಾರಿಗಾದರೆ ಧಾರಾಳ ಮೇಣ ಬೇಕಾದೀತು. ಈಗಿನ ನೂಲು ಕಾರ್ಖಾನೆಯಲ್ಲೇ ಮೇಣ ಕುಡಿದು ಬರುತ್ತದೆ. ಹೊಸ ಹೆದೆ ಹೊಸೆಯುವಾಗ ಕಿವಿಯ ಹತ್ತಿರ, ಅಂದರೆ ಬಿಲ್ಲಿನ ತುದಿಗೆ ಸಿಕ್ಕಿಸುವ ಕುಣಿಕೆಯ ಹತ್ತಿರ, ಉಳಿದ ಬಾಲದ ಎಳೆಗಳನ್ನು ಒಳಸೇರಿಸುವಲ್ಲಿ ಮಾತ್ರ ಒಂದಿಷ್ಟು ಹಚ್ಚುತ್ತೇನೆ.

ಆಮೇಲೆ ಹಚ್ಚಬೇಕಾದದ್ದು ಹೆದೆ ಕೇಳಿದಾಗ. ಬೆರಳಾಡಿಸಿದರೆ ಒರಟು, ಬಣ್ಣ ಮಂಕು, ಸಣ್ಣ ರೋಮ ಎದ್ದಂತೆ. ತೆಳ್ಳಗೆ ಹಚ್ಚಿ, ಹಳೆ ಚಪ್ಪಲಿಯ ತೊಗಲಿನ ತುಂಡಿನಿಂದ ಬಿಸಿಯಾಗುವವರೆಗೆ ಉಜ್ಜಿ, ಕೊನೆಗೆ ಆ ಹೊಲಿಗೆ ನೂಲಿನಿಂದ ಎಳೆದು ಹೆಚ್ಚಿನದ್ದನ್ನು ತೆಗೆಯುವುದು. ಬೇಗ ಆಗಲೆಂದು ಹೇರ್ ಡ್ರೈಯರ್, ಹೀಟ್ ಗನ್ ಹಿಡಿಯುವವರಿದ್ದಾರೆ. ಡೈನೀಮಾ ನೂಲು ಕರಗುವುದು 145 ಡಿಗ್ರಿಯ ಆಸುಪಾಸಿನಲ್ಲಾದರೂ ಎಳೆತ ಇರುವಾಗ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಉದ್ದವಾಗತೊಡಗುತ್ತದೆ. ಹೆದೆ ಏರಿಸಿದ ಬಿಲ್ಲನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೂ ಅದೇ ಕಥೆ.

ಸರ್ವಿಂಗಿಗೆ ಈಗ ಮೇಣ ತಾಗಿಸುವುದಿಲ್ಲ. ಮೇಣದ ಬಿಲ್ಲೆ ಹಳೆ ಹಾರ್ಲಿಕ್ಸ್ ಬಾಟ್ಲಿಯಲ್ಲಿದೆ, ಬಾಟ್ಲಿ ನೀರು ಹಾಕಿದ ತಟ್ಟೆಯ ನಡುವೆ. ತೊಳೆದದ್ದೇ ಆದರೂ ಇರುವೆಗಳನ್ನು ನಂಬುವಂತಿಲ್ಲ.