ಫರಂಗಿಪೇಟೆಯಲ್ಲಿ ನಾಲ್ಕು ದಿನ: ಮೀಲಾದ್ ಮತ್ತು ಮೊಂತಿ

2025ರ ಸೆಪ್ಟೆಂಬರ್ ಮೊದಲ ವಾರ ಧಾರವಾಡದಿಂದ ಮಂಗಳೂರಿಗೆ ರಾತ್ರಿ ಬಸ್ಸು ಹತ್ತಿದಾಗ, ಗೆಳೆಯನ ಮನೆಯ ಮೊಂತಿ ಹಬ್ಬಕ್ಕೆ ಹೋಗಬೇಕೆಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಆದರೆ ಆ ವರ್ಷ 5ನೇ ತಾರೀಕು ಶುಕ್ರವಾರ ಮೀಲಾದ್, 8ನೇ ತಾರೀಕು ಸೋಮವಾರ ಮೊಂತಿ. ಪ್ರವಾದಿ ಮುಹಮ್ಮದರ ಜನ್ಮದಿನವನ್ನೂ ಯೇಸುವಿನ ತಾಯಿ ಮರಿಯಮ್ಮನ ಜನ್ಮದಿನವನ್ನೂ ಒಂದೇ ಊರಿನಲ್ಲಿ ಕಾಣುವ ಯೋಗ ಹೀಗೆ ತಾನಾಗಿ ಒದಗಿ ಬಂತು. ಆ ಊರು ಫರಂಗಿಪೇಟೆ. ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ಹೆದ್ದಾರಿಯಲ್ಲಿ, ನೇತ್ರಾವತಿಯ ದಂಡೆಯ ಮೇಲಿದೆ. ಫರಂಗಿಗಳೆಂದರೆ ಪೋರ್ಚುಗೀಸರು, ಹೆಸರು ಅವರದಾದರೂ ಪೇಟೆಯ ತುಂಬ ಕೇಳುವುದು ತುಳು, ಬ್ಯಾರಿ, ಕೊಂಕಣಿ.

ಶುಕ್ರವಾರ ಬೆಳಿಗ್ಗೆ ಮದರಸದ ಮಕ್ಕಳ ಮೆರವಣಿಗೆ ಹೊರಟಿತು. ಬಿಳಿ ನಿಲುವಂಗಿ, ಟೋಪಿ ತೊಟ್ಟ ಹುಡುಗರು ದಫ್ ಬಾರಿಸುತ್ತ, ಒಮ್ಮೆ ಬಾಗಿ ಒಮ್ಮೆ ಎದ್ದು ಹೆಜ್ಜೆ ಹಾಕುತ್ತಿದ್ದರು. ಮಳೆಯ ತಂಪಿಗೆ ದಫ್ಫಿನ ಚರ್ಮ ಸಡಿಲವಾಗಿ ನಾದ ಮಂಕಾದಾಗಲೆಲ್ಲ ಒಬ್ಬ ಹುಡುಗ ಅದನ್ನು ಹೊಟ್ಟೆಗೆ ಒತ್ತಿ ಹಿಡಿದು ಅಂಗೈಯಿಂದ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದ. ರಸ್ತೆ ಬದಿಯಲ್ಲಿ ಶರಬತ್ತು, ಸಿಹಿ ಹಂಚುತ್ತಿದ್ದರು.

ಮೆರವಣಿಗೆ ಮುಗಿದ ಮೇಲೆ ಮಸೀದಿಯ ಜಗಲಿಯಲ್ಲಿ ಕುಳಿತಿದ್ದ ಹಿರಿಯ ಉಸ್ತಾದರೊಬ್ಬರನ್ನು ಮಾತನಾಡಿಸಿದೆ. “ಉಸ್ತಾದರೇ, ಹೋದ ವರ್ಷ ಮೀಲಾದ್ ಸೆಪ್ಟೆಂಬರ್ ಮಧ್ಯದಲ್ಲಿ ಬಂದಿತ್ತಲ್ಲವೇ?” ಎಂದೆ. “ಹೌದು, ಬರುವ ವರ್ಷ ಆಗಸ್ಟಿಗೇ ಬರುತ್ತದೆ” ಎಂದರು. ಹಿಜರಿ ವರ್ಷ ಚಂದ್ರನದು. ಅದರಲ್ಲಿ 354 ಅಥವಾ 355 ದಿನ ಇರುವುದರಿಂದ ಪ್ರತಿ ಹಬ್ಬವೂ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ, ಹೆಚ್ಚುಕಡಿಮೆ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮೀಲಾದ್ ಬೀಳುವುದು ರಬೀಉಲ್ ಅವ್ವಲ್ ತಿಂಗಳ 12ರಂದು. ‘ರಬೀ’ ಎಂದರೆ ಅರಬ್ಬಿಯಲ್ಲಿ ವಸಂತ. ನಮ್ಮ ಕಡೆಯ ಕೃಷಿ ಇಲಾಖೆಯವರು ಹಿಂಗಾರು ಬೆಳೆಗೆ ಹೇಳುವ ‘ರಬಿ’ಯೂ ಇದೇ ಶಬ್ದ ಎಂಬುದು ಹೊಳೆದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಇಸ್ಲಾಂ ಬರುವ ಮೊದಲು ಅರಬರು ಆಗಾಗ ಒಂದು ಅಧಿಕ ಮಾಸವನ್ನು ಸೇರಿಸಿ ತಿಂಗಳುಗಳನ್ನು ಋತುಗಳ ಜತೆ ಹೊಂದಿಸಿಕೊಳ್ಳುತ್ತಿದ್ದರೆಂದು ಹೇಳಲಾಗುತ್ತದೆ. ಹೀಗೆ ತಿಂಗಳುಗಳನ್ನು ಹಿಂದೆ ಮುಂದೆ ಮಾಡುವುದನ್ನು ಕುರ್‌ಆನ್ ನಿಷೇಧಿಸಿತು. ಅಂದಿನಿಂದ ವಸಂತ ಹೆಸರಿನಲ್ಲಷ್ಟೇ ಉಳಿದು, ತಿಂಗಳು ಋತುವಿನ ಹಂಗು ಹರಿದುಕೊಂಡಿತು. ಮುಸ್ಲಿಮರ ಹಬ್ಬ ಯಾವ ಒಂದು ನಾಡಿನ ಬೆಳೆಗೂ ಮಳೆಗೂ ಕಟ್ಟುಬಿದ್ದಿಲ್ಲ. ಅದರ ಅರ್ಥದ ಬಹುಪಾಲು ಈ ಬಿಡುಗಡೆಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಮೀಲಾದ್ ಆಚರಣೆ ಪ್ರವಾದಿಯವರ ಕಾಲದ್ದಲ್ಲ. ಕೈರೋದಲ್ಲಿ ಫಾತಿಮಿ ದೊರೆಗಳ ಅರಮನೆಯ ಸಮಾರಂಭವಾಗಿದ್ದುದು, 13ನೇ ಶತಮಾನದ ಆರಂಭದಲ್ಲಿ ಇರಾಕಿನ ಇರ್ಬಿಲ್ ನಗರದಲ್ಲಿ ದೊರೆ ಮುಜಫ್ಫರುದ್ದೀನನ ಆಶ್ರಯದಲ್ಲಿ ದೊಡ್ಡ ಜನೋತ್ಸವವಾಯಿತು. ಈ ಕಾರಣಕ್ಕೇ ಇದನ್ನು ಒಪ್ಪದ ಮುಸ್ಲಿಮರೂ ಇದ್ದಾರೆ. ಉಸ್ತಾದರೇ ಇದನ್ನು ಹೇಳಿ, “ನಮಗೆ ಇದು ಪ್ರೀತಿಯ ದಿನ” ಎಂದರು. ಅಂದು ಸಂಜೆ ಅವರೇ ಮುಂದೆ ಕುಳಿತು ಓದಿದ, ಪ್ರವಾದಿಯವರ ಹುಟ್ಟನ್ನು ಕೊಂಡಾಡುವ ಮೌಲಿದಿನ ರಾಗ ಇಂದಿಗೂ ನನ್ನ ಕಿವಿಯಲ್ಲಿದೆ.

ಭಾನುವಾರ ರಾತ್ರಿ ಖಗ್ರಾಸ ಚಂದ್ರಗ್ರಹಣ. ಗ್ರಹಣ ಕಾಲದಲ್ಲಿ ವಿಶೇಷ ನಮಾಜು ಮಾಡುವುದು ಪ್ರವಾದಿಯವರಿಂದಲೇ ಬಂದ ಪದ್ಧತಿ. ತನ್ನ ಮಗ ತೀರಿಕೊಂಡ ದಿನ ಸೂರ್ಯಗ್ರಹಣವಾದಾಗ ಜನ ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸತೊಡಗಿದರೆಂದೂ, ಸೂರ್ಯ ಚಂದ್ರರಿಗೆ ಯಾರ ಸಾವಿಗಾಗಿಯೂ ಗ್ರಹಣ ಹಿಡಿಯದೆಂದು ಅವರು ತಿದ್ದಿದರೆಂದೂ ಪ್ರವಾದಿಯವರ ನಡೆನುಡಿಗಳನ್ನು ಹೇಳುವ ಹದೀಸಿನಲ್ಲಿದೆ. ನಾನು ಅಂಗಳದಲ್ಲಿ ನಿಂತು ಮೋಡ ಸರಿಯುವುದನ್ನು ಕಾಯುತ್ತಿದ್ದರೆ, ಒಳಗೆ ಗೆಳೆಯನ ತಾಯಿ ಮರುದಿನ ಮೊಮ್ಮಕ್ಕಳು ಇಗರ್ಜಿಗೆ, ಎಂದರೆ ಚರ್ಚಿಗೆ, ಒಯ್ಯುವ ಹೂವನ್ನು ಬಿಡಿಸುತ್ತಿದ್ದರು.

ಮೊಂತಿಗೆ ಆಗಸ್ಟ್ 30ರಿಂದ ನೊವೆನಾ ಎಂಬ ಒಂಬತ್ತು ದಿನಗಳ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ದಿನವೂ ಬಾಲೆ ಮರಿಯಮ್ಮನ ಮೂರ್ತಿಗೆ ಹೂ ಎರಚುತ್ತಾರೆ. ಮರಿಯಮ್ಮನ ಹುಟ್ಟಿನ ಕಥೆ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಇಲ್ಲ. ಜೋಕಿಂ ಮತ್ತು ಅನ್ನಾ ಎಂಬ ತಂದೆ ತಾಯಿಯರ ಹೆಸರು ಬರುವುದು 2ನೇ ಶತಮಾನದ ಯಾಕೋಬನ ಹೆಸರಿನ ಗ್ರಂಥದಲ್ಲಿ. ಹಬ್ಬ ಮೊದಲಾದದ್ದು ಜೆರುಸಲೇಮಿನಲ್ಲಿ. 7ನೇ ಶತಮಾನದ ಕೊನೆಗೆ ಪೋಪ್ ಒಂದನೇ ಸೆರ್ಜಿಯಸ್ ರೋಮಿನಲ್ಲಿ ಆ ದಿನ ಮೆರವಣಿಗೆಯ ಪದ್ಧತಿಯನ್ನು ತಂದ. ಕುರ್‌ಆನಿನಲ್ಲಿ ಹೆಸರು ಹಿಡಿದು ಕರೆಯಲಾದ ಏಕೈಕ ಹೆಣ್ಣೂ ಈ ಮರಿಯಮ್ಮಳೇ, ಮರ್ಯಮ್. 19ನೇ ಅಧ್ಯಾಯಕ್ಕೆ ಅವಳದೇ ಹೆಸರು.

ಆದರೆ ಕರಾವಳಿಯ ಮೊಂತಿಗೆ ಜೆರುಸಲೇಮಿಗಿಂತ ಹತ್ತಿರದ ಒಂದು ಬೇರು ಇದೆ. ಅದು ಗದ್ದೆ. ಪೋರ್ಚುಗೀಸಿನಲ್ಲಿ ‘ಮೊಂತೆ’ ಎಂದರೆ ಗುಡ್ಡ. ಇದೇ ಫರಂಗಿಪೇಟೆಯ ಗುಡ್ಡದ ಮೇಲಿನ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 18ನೇ ಶತಮಾನದಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂಡಾ ಈ ಹಬ್ಬ ಆರಂಭಿಸಿದರೆಂದು ಇಲ್ಲಿಯವರು ಹೇಳುತ್ತಾರೆ. ಗೋವಾದಿಂದ ಬಂದು ತುಳುನಾಡಿನಲ್ಲಿ ಬೇಸಾಯ ಹಿಡಿದ ಈ ಕ್ರೈಸ್ತರು, ನೆರೆಹೊರೆಯವರು ಮಳೆಗಾಲದ ಭತ್ತವಾದ ಏಣೆಲು ಬೆಳೆಯ ಮೊದಲ ಕದಿರನ್ನು ಮನೆ ತುಂಬಿಸಿಕೊಳ್ಳುವ ಕಾಲಕ್ಕೇ ತಮ್ಮ ತೆನೆಯನ್ನು ಮರಿಯಮ್ಮನ ಮುಂದೆ ಇಟ್ಟರು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಮೇಲೆ, 1799ರವರೆಗೆ ಅವರಿಗೆ ಈ ಗದ್ದೆಗಳಿರಲಿಲ್ಲ. ಆ ಹದಿನೈದು ವರ್ಷಗಳನ್ನು ನೆನೆದಾಗ ಒಂದು ತೆನೆಗೆ ಇವರು ತೋರುವ ಭಕ್ತಿಯ ಆಳ ತಿಳಿಯುತ್ತದೆ.

ಸೋಮವಾರ ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಹಸಿ ತೆನೆಗಳ ರಾಶಿಗೆ ಪಾದ್ರಿಗಳು ಆಶೀರ್ವಾದ ಮಾಡಿದರು. ಬಲಿಪೂಜೆಯ ನಂತರ ಪ್ರತಿ ಮನೆಗೆ ತೆನೆ, ಹೂ ತಂದ ಮಕ್ಕಳಿಗೆ ಕಬ್ಬು. ಮನೆಯಲ್ಲಿ ತೆನೆಯನ್ನು ಅಲ್ತಾರಿನ ಮುಂದಿಟ್ಟು ಪ್ರಾರ್ಥಿಸಿದ ಮೇಲೆ, ಭತ್ತದ ಕಾಳುಗಳನ್ನು ಉಗುರಿನಿಂದ ಸುಲಿದು, ಅರೆದು, ಹಾಲಿಗೆ ಬೆರೆಸಿ, ಹಿರಿಯರು ಎಲ್ಲರಿಗೂ ಕೊಟ್ಟರು. ಬಾಳೆ ಎಲೆಯ ಮೇಲೆ ಅಂದು ಮೀನು ಮಾಂಸವಿಲ್ಲ. ಬೆಂಡೆ, ಹಾಗಲ, ಅಲಸಂಡೆ, ಹೀರೆ, ಕೆಸುವಿನ ದಂಟು, ಅಂಬಟೆಕಾಯಿ, ಸೌತೆ: ಪಲ್ಯಗಳ ಎಣಿಕೆ ಬೆಸವೇ ಆಗಬೇಕು, ಅಂದು ಏಳು ಇದ್ದವು. ಕೊನೆಗೆ ಪಾಯಸ.

ಊಟವಾದ ಮೇಲೆ ಗೆಳೆಯನ ತಾಯಿ ಕಿಟಕಿಯ ಬಳಿ ಕುಳಿತು ಉಳಿದ ತೆನೆಯಿಂದ ಕಾಳು ಬಿಡಿಸಿದರು. ಹಿರಿಯ ಮಗ ಕುವೈತಿನಲ್ಲಿದ್ದಾನೆ. ಅಲ್ಲಿ ಅವನೊಂದಿಗೆ ಸೊಸೆ, ಇಬ್ಬರು ಮಕ್ಕಳು. “ಒಬ್ಬೊಬ್ಬರಿಗೆ ಒಂದು ಕಾಳು ಸಾಕು ಮಗಾ, ಆದರೆ ಹೊಟ್ಟು ಒಡೆಯಬಾರದು” ಎನ್ನುತ್ತ, ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕಿದರು. ಆಮೇಲೆ ಏನೋ ನೆನಪಾದವರಂತೆ ಲಕೋಟೆ ಬಿಚ್ಚಿ, ಸೊಸೆಯ ಬಸಿರಲ್ಲಿದ್ದ ಕೂಸಿಗೆಂದು ಐದನೆಯ ಕಾಳನ್ನು ಸೇರಿಸಿದರು.