ಚಂದ್ರಿಕೆ ಮೇಲೆ ಹಿಪ್ಪುನೇರಳೆ: ಮೂರನೇ ಜ್ವರದವರೆಗೆ ಬಂದೆ

ಶಿಡ್ಲಘಟ್ಟದ ಹತ್ತಿರ ನಮ್ಮ ಮಾವನ ರೇಷ್ಮೆ ಹುಳು ಸಾಕುವ ಮನೆಗೆ ಈಗ ಪ್ಲಾಸ್ಟಿಕ್ ಬಲೆ ಬಂದಿದೆ, ಹುಳು ಗೂಡು ಕಟ್ಟೋಕೆ ಬಿಡುತ್ತಿದ್ದ, ಸುರುಳಿ ಪಟ್ಟಿಯ ಬಿದಿರಿನ ಹಳೇ ಚಂದ್ರಿಕೆಗಳೆಲ್ಲ ಮೂಲೆ ಸೇರಿದ್ದವು. ಗಟ್ಟಿಯಾಗಿದ್ದ ಒಂದನ್ನು ತಂದು ತೊಳೆದು ಒಣಗಿಸಿದ್ದೇನೆ. 6 ಅಡಿ ಉದ್ದ, 4 ಅಡಿ ಅಗಲ, ಹಾಲ್‌ನ ಗೋಡೆಗೆ ಸರಿಯಾಗಿದೆ. ಸುರುಳಿ ಪಟ್ಟಿಯ ನಡುವಿನ ಜಾಗದಲ್ಲಿ ಕಸೂತಿ ಹಾಕಿದ ಬಟ್ಟೆ ಕೂರಿಸುತ್ತಾ, ಹೊರಗಿನ ಸುತ್ತಿನಿಂದ ಒಳಕ್ಕೆ ಹೋಗುತ್ತಿದ್ದೇನೆ.

ಹೊರಗೆ ಮೊಟ್ಟೆ, ಆಮೇಲೆ ಹುಳು, ನಡುವೆ ಗೂಡು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ ಅಲ್ವಾ, ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆ ಎತ್ತಿದ ತಲೆ ಈ ಸಲ ಚೆನ್ನಾಗಿ ಬಂದಿದೆ. ಬಾಲದ ಹತ್ತಿರದ ಸಣ್ಣ ಕೊಂಬು, ಪಕ್ಕೆಯ ಕಪ್ಪು ಚುಕ್ಕೆಗಳು, ಎಲ್ಲವನ್ನೂ ಒಂಟಿ ಎಳೆಯಲ್ಲೇ ಹಾಕಿದೆ.

ಹಣ್ಣಿಗೆ ಜಾಸ್ತಿ ಹೊತ್ತು ಹಿಡಿಯಿತು. ಈ ಹುಳು ತಿನ್ನುವ ಸೊಪ್ಪಿನ ಗಿಡವೇ ಹಿಪ್ಪುನೇರಳೆ, ಅದರ ಹಣ್ಣು ಅಂದರೆ ಬರೀ ಗುಂಡು ಗುಂಡು ಕಾಳುಗಳ ಗೊಂಚಲು, ಪ್ರತಿ ಕಾಳಿಗೂ ಒಂದೊಂದು ಗಂಟು ಹೊಲಿಗೆ. ಒಂದೇ ಕೊಂಬೆಯಲ್ಲಿ ಹಸಿರು, ಕೆಂಪು, ಕಪ್ಪು ಮೂರೂ ಇರುತ್ತವೆ, ಹಾಗೇ ಹಾಕಿದ್ದೇನೆ.

ಅಲಂಕಾರ ಅಂತ ಯಾವುದೋ ಹಣ್ಣಿನ ಮೇಲೆ ಯಾವುದೋ ಚಿಟ್ಟೆ ಕೂರಿಸುವುದು ನನಗೆ ಇಷ್ಟ ಇಲ್ಲ. ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಹುಳು, ಚಿಟ್ಟೆಗಳ ಚಿತ್ರಗಾರ್ತಿ ಮರಿಯಾ ಸಿಬಿಲ್ಲಾ ಮೆರಿಯನ್. 1647ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಆಕೆ 13ನೇ ವಯಸ್ಸಿಗೇ ರೇಷ್ಮೆ ಹುಳು ಸಾಕಿ ನೋಡಿದವರು. 1699ರಲ್ಲಿ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದರು. ಮೊಟ್ಟೆ, ಹುಳು, ಚಿಟ್ಟೆ ಎಲ್ಲವನ್ನೂ ಅದು ಬದುಕುವ ಗಿಡದ ಜೊತೆಗೇ ಚಿತ್ರ ಬರೆಯುತ್ತಿದ್ದರು. ನೋಡೋಕೂ ಚೆಂದ, ವಿಷಯವೂ ನಿಜ.

ನಡುವಿಗೆ ತೂತು ಗೂಡು ಸಿಕ್ಕಿದೆ, ಬಿಳಿ ಮತ್ತು ಹಳದಿ ಎರಡೂ. ಚಿಟ್ಟೆ ಹೊರಬಂದ ಗೂಡಿನಿಂದ ಉದ್ದದ ನೂಲು ತೆಗೆಯೋಕೆ ಆಗಲ್ಲ, ಹಾಗಾಗಿ ಸುಲಭವಾಗಿ ಕೊಡುತ್ತಾರೆ. ಅದನ್ನು ಕತ್ತರಿಸಿ ಹೂವಿನ ಎಸಳು ಮಾಡುವವರು ತುಂಬ ಜನ, ನಾನು ಗೂಡಾಗಿಯೇ ಇಡುತ್ತೇನೆ.

ನಾಲ್ಕನೇ ಜ್ವರ ಆದ ಮೇಲೆ ಹುಳು ಹಣ್ಣಾಗಿ, ಅಂದರೆ ಗೂಡು ಕಟ್ಟೋಕೆ ತಯಾರಾಗಿ, ಮೈ ಹಳದಿ ತಿರುಗಿ, ಬೆಳಕು ಹಾಯುವ ಹಾಗೆ ಆಗುತ್ತದೆ. ಬಿಳಿ ದಾರದ ಮೇಲೆ ತೆಳು ಹಳದಿ ರೇಷ್ಮೆ ಎಳೆ ಹಾಕಿ ನೋಡುತ್ತಿದ್ದೇನೆ, ಇನ್ನೂ ಆ ಬಣ್ಣ ಬಂದಿಲ್ಲ. ಯಾರಿಗಾದರೂ ಬೇರೆ ಉಪಾಯ ಗೊತ್ತಿದ್ದರೆ ಹೇಳಿ.