ಯಾರ ಹಂಗೂ ಬೇಡ ಎನ್ನುವವರು ಸಹಾಯ ಕೇಳುವುದು ಹೇಗೆ

ಜ್ವರ ನೂರ ಮೂರು ದಾಟಿದರೂ ಒಬ್ಬರೇ ಆಟೋ ಹತ್ತಿ ಆಸ್ಪತ್ರೆಗೆ ಹೋಗಿ, ಡಿಸ್ಚಾರ್ಜ್ ಆದ ಮೇಲೆ ಮನೆಗೆ ಫೋನ್ ಮಾಡುವವರಿದ್ದಾರೆ. ಗಟ್ಟಿಗರು ಎಂದು ಎಲ್ಲರೂ ಹೊಗಳುವುದರಿಂದ ಇದೊಂದು ತೊಂದರೆ ಎಂದು ಅವರಿಗೂ ಅನ್ನಿಸುವುದಿಲ್ಲ.

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಇದರ ಬೇರನ್ನು ಬಾಲ್ಯದಲ್ಲಿ ಹುಡುಕಿದರು. ಅತ್ತಾಗಲೆಲ್ಲ ಬೈಸಿಕೊಂಡ ಮಗು ಅಳುವುದನ್ನು ಬಿಡುತ್ತದೆ, ಆದರೆ ಆಸರೆ ಬೇಕೆನ್ನಿಸುವುದು ಹೋಗುವುದಿಲ್ಲ. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ರೂಪಿಸಿದ ಪ್ರಯೋಗದಲ್ಲಿ, ತಾಯಿ ಕೋಣೆಯಿಂದ ಹೊರಗೆ ಹೋದರೂ ಆಟಿಕೆ ಬಿಡದ ಮಕ್ಕಳಿದ್ದರು. ಮೇಲ್ನೋಟಕ್ಕೆ ನಿರಾಳ, ಎದೆಬಡಿತ ಅಳೆದಾಗ ಮಾತ್ರ ಏರಿರುವುದು ಕಂಡಿತು. ಎಲ್ಲರ ಕಥೆಯೂ ಇದೇ ಅಲ್ಲ. ಚಿಕ್ಕಂದಿನಲ್ಲೇ ತಮ್ಮ-ತಂಗಿಯರನ್ನು ಸಾಕಿದ ಹಿರಿಮಗಳಿಗೆ ಕೇಳುವ ರೂಢಿಯೇ ಇರುವುದಿಲ್ಲ. ಎಂದೋ ಮಾಡಿದ ಉಪಕಾರವನ್ನು ಮದುವೆಮನೆಯಲ್ಲಿ ನಾಲ್ಕು ಜನರೆದುರು ಎತ್ತಿ ಆಡುವ ನೆಂಟರಿದ್ದರೆ ಭಯ ಹುಟ್ಟುವುದು ಸಹಜವೇ.

2008ರಲ್ಲಿ ಸಂಶೋಧಕರಾದ ಫ್ಲಿನ್ ಮತ್ತು ಲೇಕ್ ಪ್ರಕಟಿಸಿದ ಅಧ್ಯಯನಗಳು ತೋರಿಸಿದ್ದು: ಸಹಾಯ ಕೇಳಿದರೆ ಎಷ್ಟು ಜನ ಒಪ್ಪಿಯಾರು ಎಂಬ ನಮ್ಮ ಅಂದಾಜು ವಾಸ್ತವಕ್ಕಿಂತ ತುಂಬಾ ಕಡಿಮೆ. ಕೇಳುವವರು ಎದುರಿನವರಿಗಾಗುವ ತೊಂದರೆಯನ್ನಷ್ಟೇ ಎಣಿಸುತ್ತಾರೆ. 'ಆಗಲ್ಲ' ಎನ್ನುವುದು ಆ ಎದುರಿನವರಿಗೆ ಎಷ್ಟು ಮುಜುಗರ ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ಆಗದಿದ್ದರೂ ನಷ್ಟವಿಲ್ಲದ ಕೆಲಸದಿಂದ ಶುರುಮಾಡಿ. ಏನು, ಯಾವಾಗ, ಎಷ್ಟು ಹೊತ್ತು ಎಂದು ಬಿಡಿಸಿ ಹೇಳಿ, ಇಲ್ಲ ಎನ್ನಲು ದಾರಿ ಬಿಡಿ: "ಶನಿವಾರ ಬೆಳಿಗ್ಗೆ 10ಕ್ಕೆ ಬೀರು ಮೇಲಕ್ಕೆ ಸಾಗಿಸಬೇಕು, ಅರ್ಧ ಗಂಟೆ ಸಾಕು. ಬಿಡುವಿಲ್ಲದಿದ್ದರೆ ಹೇಳಿ, ಕೂಲಿಯವರನ್ನು ಕರೀತೀನಿ." ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ, ಇನ್ಯಾರೋ ಹೋಗುತ್ತಾರೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಒಬ್ಬರನ್ನೇ, ಅದೂ ಮುಖತಃ, ಕೇಳಿ.

ಕೆಡುವುದು ಹೆಚ್ಚಾಗಿ ಆಮೇಲೆ. ಬಂದವರು ಸ್ವಲ್ಪ ನಿಧಾನಿಸಿದರೆ "ಬಿಡಿ, ನಾನೇ ಮಾಡ್ಕೋತೀನಿ" ಎಂದು ಕಸಿದುಕೊಳ್ಳುವುದು. ಅಥವಾ ಅದೇ ಸಂಜೆ ಸಿಹಿಯ ಡಬ್ಬ ಹಿಡಿದು ಋಣ ತೀರಿಸಲು ಓಡುವುದು. ಒಂದು ವಾರ ಏನೂ ಕೊಡದೆ, ಬರೀ ಥ್ಯಾಂಕ್ಸ್ ಹೇಳಿ ಇದ್ದು ನೋಡಿ. ಚಡಪಡಿಕೆಯಾಗುತ್ತದೆ, ನಿಜವಾದ ಅಭ್ಯಾಸ ಅದನ್ನು ತಾಳುವುದೇ, ಕೇಳುವುದಲ್ಲ. ಹಿಂದೆ ಹಂಗಿಸಿದವರ ಬಳಿ ಮಾತ್ರ ಈ ಅಭ್ಯಾಸ ಬೇಡ, ಅಲ್ಲಿ ನಿಮ್ಮ ಭಯ ಸರಿಯಾಗಿಯೇ ಇದೆ.

ನಿದ್ದೆ, ಊಟ ಕೆಟ್ಟಿದ್ದರೂ ಆಪ್ತರಿಗೆ ಹೇಳಲಾಗದಿದ್ದರೆ ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕೆಂದು ತೋಚದಿದ್ದರೆ "ಯಾರ ಹತ್ರಾನೂ ಹೇಳ್ಕೊಳ್ಳೋಕೆ ಆಗ್ತಿಲ್ಲ" ಎಂದು ಶುರುಮಾಡಿದರೂ ಆಯಿತು.